ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ

ಬೆಂಗಳೂರು ನಗರದ ಬೆಳವಣಿಗೆಗೆ ಯೋಜನೆ ರೂಪಿಸಲು ಮತ್ತು ಹೊಸ ಬಡಾವಣೆಗಳನ್ನು ನಿರ್ಮಿಸಲು ಕರ್ನಾಟಕ ಸರ್ಕಾರ 1976ರಲ್ಲಿ ಶಾಸನದ ಮೂಲಕ ಸ್ಥಾಪಿಸಿದ ಸಂಸ್ಥೆ. ಜನಬಳಕೆಯ ಹೆಸರು ಬಿಡಿಎ. ಕೇಂದ್ರ ಕಚೇರಿ ಕುಮಾರಪಾರ್ಕ್ ಪಶ್ಚಿಮದ ಟಿ. ಚೌಡಯ್ಯ ರಸ್ತೆಯಲ್ಲಿದೆ. ಯಾವ ಜಮೀನು ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಉದ್ಯಾನಕ್ಕೆ ಎಂದು ಗೊತ್ತುಮಾಡುವುದು ಇದಕ್ಕೆ ವಹಿಸಿದ್ದ ಒಂದು ಕೆಲಸ. ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು, ರಸ್ತೆ, ಚರಂಡಿ, ನೀರಿನ ಕೊಳವೆ ಹಾಕಿ, ನಿವೇಶನಗಳನ್ನಾಗಿ ವಿಂಗಡಿಸಿ ಹಂಚುವುದು ಇನ್ನೊಂದು. ಸುಮಾರು ಐವತ್ತು ವರ್ಷ ಈ ಎರಡೂ ಕೆಲಸಗಳು ಒಂದೇ ಕೈಯಲ್ಲಿದ್ದವು. ನಿವೇಶನ ಹಂಚಿಕೆಯ ಹಿಂದೆ ಜನರ ಒತ್ತಾಯವೂ ಇತ್ತು, ವರಮಾನವೂ ಇತ್ತು. ಯೋಜನೆಯ ಕೆಲಸಕ್ಕೆ ಎರಡರ ಬೆಂಬಲವೂ ಸಿಗಲಿಲ್ಲ. ಪ್ರಾಧಿಕಾರದ ಸಾಧನೆ ಮತ್ತು ಕೊರತೆ ಎರಡನ್ನೂ ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಮೈಸೂರು, ಮಂಗಳೂರು, ಉಡುಪಿ, ಕುಂದಾಪುರ ಮೊದಲಾದ ಊರುಗಳಲ್ಲಿ ಇಂದು ಅಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರಗಳು ಕೆಲಸ ಮಾಡುತ್ತಿರುವುದರಿಂದ ಬೆಂಗಳೂರಿನ ಅನುಭವ ಇಡೀ ರಾಜ್ಯಕ್ಕೆ ಸಂಬಂಧಿಸಿದ್ದಾಗಿದೆ.

ಹಿನ್ನೆಲೆ

ಕೆಂಪೇಗೌಡ 1537ರಲ್ಲಿ ಕಟ್ಟಿದ ಬೆಂಗಳೂರು ಪೇಟೆ ಕಸುಬುಗಳಿಗೆ ಅನುಗುಣವಾಗಿ ಬೆಳೆದ ಊರು. 1809ರಲ್ಲಿ ಅದರ ಪೂರ್ವಕ್ಕೆ ಬ್ರಿಟಿಷರ ದಂಡು ನೆಲೆಯಾದ ಮೇಲೆ ಪೇಟೆ ಮತ್ತು ದಂಡು ಪ್ರತ್ಯೇಕ ಆಡಳಿತಗಳಲ್ಲಿ ಬೆಳೆದವು. ಇವೆರಡರ ಪೌರಾಡಳಿತ ಒಂದಾದದ್ದು 1949ರಲ್ಲಿ, ಬೆಂಗಳೂರು ನಗರ ಪಾಲಿಕೆಯ ರಚನೆಯೊಂದಿಗೆ.

ನಗರವನ್ನು ಮೊದಲೇ ಯೋಚಿಸಿ ವಿಸ್ತರಿಸಬೇಕು ಎಂಬ ವಿಚಾರ ಬಲಗೊಂಡದ್ದು ರೋಗದ ಭೀತಿಯಿಂದ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತ್ತು. 1898ರಲ್ಲಿ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಹರಡಿ ಅಪಾರ ಸಾವುನೋವು ಉಂಟುಮಾಡಿದಾಗ, ಗಾಳಿ ಬೆಳಕು ಚೆನ್ನಾಗಿರುವ ಹೊಸ ವಿಸ್ತರಣೆಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬೇಗನೆ ಬೆಳೆದವು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲು ಬಿಟ್ಟ ಗಲ್ಲಿಗಳು, ದೇವಸ್ಥಾನ, ಮಾರುಕಟ್ಟೆ, ಉದ್ಯಾನ ಇವೆಲ್ಲವನ್ನೂ ಮನೆ ಕಟ್ಟುವ ಮೊದಲೇ ನಕ್ಷೆಯಲ್ಲಿ ಗುರುತಿಸಲಾಗಿತ್ತು.

ಮುಂಬಯಿಯಲ್ಲಿ ಪ್ಲೇಗಿನ ನಂತರ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಗಿತ್ತು. ಮೈಸೂರು ಸಂಸ್ಥಾನವು 1903ರಲ್ಲಿ ಮೈಸೂರು ನಗರಕ್ಕೆ ಅಂಥದೇ ಟ್ರಸ್ಟ್ ಬೋರ್ಡನ್ನು ರಚಿಸಿತು. ದೇಶದ ಅತಿ ಹಳೆಯ ನಗರ ಸುಧಾರಣಾ ಸಂಸ್ಥೆಗಳಲ್ಲಿ ಇದೂ ಒಂದು.

ನಗರ ಸುಧಾರಣಾ ಟ್ರಸ್ಟ್ ಬೋರ್ಡ್

ಬೆಂಗಳೂರಿಗೆ ಅಂಥ ಬೋರ್ಡು ಬಂದದ್ದು 1945ರಲ್ಲಿ, ಬೆಂಗಳೂರು ನಗರ ಸುಧಾರಣಾ ಕಾಯಿದೆಯ ಮೂಲಕ. ಹಳಬರು ಇಂದಿಗೂ ಅದನ್ನು ಸಿಐಟಿಬಿ ಎಂದೇ ನೆನೆಯುತ್ತಾರೆ. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರ ವೇಳೆಗೆ 7.8 ಲಕ್ಷಕ್ಕೆ ಏರಿತ್ತು. ಯುದ್ಧಕಾಲದ ಕಾರ್ಖಾನೆಗಳು, ಸ್ವಾತಂತ್ರ್ಯದ ನಂತರ ಬಂದ ಸಾರ್ವಜನಿಕ ಉದ್ದಿಮೆಗಳು ಹೊರಗಿನಿಂದ ಜನರನ್ನು ಸೆಳೆಯುತ್ತಿದ್ದವು. ಅವರಿಗೆ ಮನೆ ಕಟ್ಟಿಕೊಳ್ಳಲು ಜಾಗ ಒದಗಿಸುವುದು ಬೋರ್ಡಿನ ಮುಖ್ಯ ಕರ್ತವ್ಯವಾಯಿತು.

ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆ ಮಾಡಿದವರು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ. ಬಡಾವಣೆಗೆ ಜಯಚಾಮರಾಜ ಒಡೆಯರ ಹೆಸರು ಬಂತು. ಮರುವರ್ಷ ರಾಜಗೋಪಾಲಾಚಾರಿಯವರೇ ಚಾಲನೆ ಕೊಟ್ಟ ರಾಜಾಜಿನಗರಕ್ಕೆ ಅವರ ಹೆಸರನ್ನೇ ಇಡಲಾಯಿತು. ಮುಂದೆ ಸದಾಶಿವನಗರ, ಇಂದಿರಾನಗರ, ಕೋರಮಂಗಲ, ಬನಶಂಕರಿ ಬಡಾವಣೆಗಳು ಬೋರ್ಡಿನ ಕಾಲದಲ್ಲಿ ಮೊದಲಾದವು. ಬ್ಲಾಕು, ಅಡ್ಡರಸ್ತೆ, ಮುಖ್ಯರಸ್ತೆ ಎಂಬ ವಿಳಾಸದ ಕ್ರಮವೂ, ಬಡಾವಣೆಯ ನಡುವೆ ವ್ಯಾಪಾರ ಸಂಕೀರ್ಣ ಮತ್ತು ಆಟದ ಬಯಲು ಇರಬೇಕೆಂಬ ರೂಢಿಯೂ ಆ ಕಾಲದ ಬಡಾವಣೆಗಳಲ್ಲಿ ಗಟ್ಟಿಯಾದವು.

ಆದರೆ ಬೋರ್ಡಿನ ನೋಟ ತಾನು ನಿರ್ಮಿಸುವ ಬಡಾವಣೆಯ ಗಡಿಗೆ ಸೀಮಿತವಾಗಿತ್ತು. ಇಡೀ ನಗರವನ್ನು ಒಟ್ಟಾಗಿ ನೋಡುವ ಅಧಿಕಾರ ಬಂದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಿಂದ. 1956ರ ಏಕೀಕರಣದ ಹೊತ್ತಿಗೆ ಕನ್ನಡನಾಡಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಕಾಯಿದೆಗಳಿದ್ದವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಮುಂಬಯಿಯ ಶಾಸನವಿತ್ತು. ಉಡುಪಿ, ಕುಂದಾಪುರ ತಾಲ್ಲೂಕುಗಳನ್ನು ಒಳಗೊಂಡಿದ್ದ ದಕ್ಷಿಣ ಕನ್ನಡಕ್ಕೆ ಮದ್ರಾಸಿನ 1920ರ ನಗರ ಯೋಜನಾ ಕಾಯಿದೆ ಬಳುವಳಿಯಾಗಿ ಬಂದಿತ್ತು. 1961ರ ಅಧಿನಿಯಮ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಒದಗಿಸಿತು. ಅದರಡಿ ಬೆಂಗಳೂರಿಗೆ ರಚನೆಯಾದ ನಗರ ಯೋಜನಾ ಪ್ರಾಧಿಕಾರ ಸಿದ್ಧಪಡಿಸಿದ ರೂಪರೇಖಾ ಅಭಿವೃದ್ಧಿ ಯೋಜನೆಗೆ 1972ರಲ್ಲಿ ಮಂಜೂರಾತಿ ದೊರೆಯಿತು. ಹೀಗೆ ಯೋಜಿಸುವುದಕ್ಕೆ ಒಂದು ಸಂಸ್ಥೆ, ನಿರ್ಮಿಸುವುದಕ್ಕೆ ಇನ್ನೊಂದು ಸಂಸ್ಥೆ ಎಂಬ ವ್ಯವಸ್ಥೆ ಕೆಲಕಾಲ ನಡೆಯಿತು.

1976ರ ಅಧಿನಿಯಮ

ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಈ ಎರಡೂ ಸಂಸ್ಥೆಗಳ ಕಾರ್ಯಗಳನ್ನು ಒಂದುಗೂಡಿಸಲಾಯಿತು. ಪ್ರಾಧಿಕಾರ ಅಸ್ತಿತ್ವಕ್ಕೆ ಬಂದದ್ದು 1976ರ ಜನವರಿ 6ರಂದು. ಯೋಜನೆ ಹಾಕುವವರೇ ಅದನ್ನು ನೆಲದ ಮೇಲೆ ಜಾರಿಗೆ ತಂದರೆ ಕೆಲಸ ಚುರುಕಾಗುತ್ತದೆ ಎಂಬುದು ಇದರ ಹಿಂದಿನ ಆಶಯ. ಅಧ್ಯಕ್ಷರು, ಆಯುಕ್ತರು, ಹಣಕಾಸು, ಎಂಜಿನಿಯರಿಂಗ್ ಮತ್ತು ನಗರ ಯೋಜನೆಯ ಸದಸ್ಯರು, ಶಾಸಕರು, ಪಾಲಿಕೆಯ ಪ್ರತಿನಿಧಿಗಳು ಇದರಲ್ಲಿರುತ್ತಾರೆ. ನೇಮಕದ ಅಧಿಕಾರ ಬಹುಮಟ್ಟಿಗೆ ರಾಜ್ಯ ಸರ್ಕಾರದ್ದು. ಆದ್ದರಿಂದ ನಗರದ ಭವಿಷ್ಯವನ್ನು ನಿರ್ಧರಿಸುವ ಈ ಸಂಸ್ಥೆ ನಗರದ ಮತದಾರರಿಗೆ ನೇರವಾಗಿ ಉತ್ತರಿಸಬೇಕಾದ ಸ್ಥಿತಿಯಲ್ಲಿರಲಿಲ್ಲ.

ಅಧಿನಿಯಮದ ಅತ್ಯಂತ ಮೌಲಿಕ ಅಂಶ 16ನೇ ಪ್ರಕರಣದಲ್ಲಿದೆ. ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಬಯಲುಗಳಿಗೆ, ಅದಲ್ಲದೆ ಕನಿಷ್ಠ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕೆಂದು ಅದು ವಿಧಿಸುತ್ತದೆ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಅಂಚೆ ಕಚೇರಿಗಳಿಗಾಗಿ ಬಿಟ್ಟ ಈ ಜಾಗಗಳೇ ಸಿಎ ಸೈಟುಗಳು. ಹೀಗೆ ಕಾಯ್ದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡದಂತೆ 38-ಎ ಪ್ರಕರಣ ತಡೆಯುತ್ತದೆ.

ಬಡಾವಣೆ ರೂಪುಗೊಳ್ಳುವ ಬಗೆ

ಬಡಾವಣೆಗೆ ಗುರುತಿಸಿದ ಜಮೀನುಗಳ ಸರ್ವೆ ನಂಬರುಗಳನ್ನು ಪ್ರಾಥಮಿಕ ಅಧಿಸೂಚನೆಯಲ್ಲಿ ಪ್ರಕಟಿಸಿ, ಭೂಮಾಲೀಕರಿಗೆ ನೋಟಿಸು ನೀಡಿ, ಆಕ್ಷೇಪಣೆಗಳನ್ನು ಕೇಳಲಾಗುತ್ತದೆ. ಸರ್ಕಾರದ ಮಂಜೂರಾತಿಯ ನಂತರ ಅಂತಿಮ ಅಧಿಸೂಚನೆ ಹೊರಡುತ್ತದೆ. ಅಲ್ಲಿಂದ ಐದು ವರ್ಷದೊಳಗೆ ಕೆಲಸ ಬಹುಪಾಲು ಮುಗಿಯದಿದ್ದರೆ ಯೋಜನೆ ರದ್ದಾಗುತ್ತದೆ ಎಂಬುದು 27ನೇ ಪ್ರಕರಣದ ನಿಯಮ. ಭೂಮಾಲೀಕರು ಹೂಡುವ ಮೊಕದ್ದಮೆಗಳಲ್ಲಿ ಹೆಚ್ಚಾಗಿ ಎತ್ತಿ ಹೇಳುವ ಪ್ರಕರಣವೂ ಇದೇ. ನಿವೇಶನಗಳನ್ನು ಅರ್ಜಿದಾರರ ಆದಾಯ, ವಾಸದ ಅವಧಿ, ಹಿಂದೆ ಅರ್ಜಿ ಹಾಕಿ ಸಿಗದೇ ಹೋದ ಸಲಗಳು ಇವನ್ನೆಲ್ಲ ನೋಡಿ ಹಂಚಲಾಗುತ್ತಿತ್ತು. ಮೂಲೆ ನಿವೇಶನ ಮತ್ತು ವಾಣಿಜ್ಯ ನಿವೇಶನಗಳನ್ನು ಹರಾಜು ಹಾಕುವುದು ಪ್ರಾಧಿಕಾರದ ಮುಖ್ಯ ವರಮಾನ.

ಎಚ್‌ಎಸ್‌ಆರ್, ಬಿಟಿಎಂ, ಎಚ್‌ಬಿಆರ್ ಬಡಾವಣೆಗಳು, ಬನಶಂಕರಿ ಮತ್ತು ಜೆ.ಪಿ. ನಗರದ ಮುಂದಿನ ಹಂತಗಳು, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ಅಂಜನಾಪುರ ಇವೆಲ್ಲ ಪ್ರಾಧಿಕಾರದ ನಿರ್ಮಾಣಗಳು. ಗುಮಾಸ್ತರು, ಶಿಕ್ಷಕರು, ಕಾರ್ಖಾನೆಯ ಕಾರ್ಮಿಕರು ಮೂವತ್ತು–ನಲವತ್ತು ಅಡಿಯ ಒಂದು ಸೈಟು ಪಡೆದು ಮನೆ ಕಟ್ಟಿಕೊಂಡು ನೆಲೆನಿಂತದ್ದು ಇವುಗಳಿಂದಾಗಿ. ನಗರದ ಮಧ್ಯಮ ವರ್ಗಕ್ಕೆ ನೆಲೆ ಒದಗಿಸಿದ ಈ ಕೆಲಸವನ್ನು ಕಡೆಗಣಿಸುವಂತಿಲ್ಲ. ಸುಮಾರು 60 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ, ಹೆಬ್ಬಾಳದ ಮೇಲುಸೇತುವೆ, ಕಣಿಮಿಣಿಕೆ ಮತ್ತು ಆಲೂರಿನ ವಸತಿ ಸಮುಚ್ಚಯಗಳನ್ನೂ ಪ್ರಾಧಿಕಾರ ನಿರ್ಮಿಸಿತು.

ಬೇಡಿಕೆಗೆ ಹೋಲಿಸಿದರೆ ಪೂರೈಕೆ ಸದಾ ಹಿಂದುಳಿದಿತ್ತು. 1981ರಲ್ಲಿ ಸುಮಾರು 29 ಲಕ್ಷವಿದ್ದ ಜನಸಂಖ್ಯೆ 2011ಕ್ಕೆ 84 ಲಕ್ಷ ದಾಟಿತು. ಸೈಟು ಸಿಗದವರು ಭೂಪರಿವರ್ತನೆಯೂ ಆಗದ, ನಕ್ಷೆಯೂ ಮಂಜೂರಾಗದ ರೆವಿನ್ಯೂ ಸೈಟುಗಳನ್ನು ಕೊಂಡರು. ಇಂಥ ಆಸ್ತಿಗಳಿಗೆ ಪಾಲಿಕೆ ಪ್ರತ್ಯೇಕವಾಗಿ ಇಟ್ಟ ಬಿ ಖಾತೆಯ ಲಕ್ಷಾಂತರ ಆಸ್ತಿಗಳ ಮೂಲ ಇಲ್ಲಿದೆ.

ಭೂಸ್ವಾಧೀನ ಮತ್ತು ವ್ಯಾಜ್ಯಗಳು

2000ದ ನಂತರದ ದೊಡ್ಡ ಬಡಾವಣೆಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆ ಮುಂದೆ ಸಾಗಲಿಲ್ಲ. ಅರ್ಕಾವತಿ ಬಡಾವಣೆಯ ಪ್ರಾಥಮಿಕ ಅಧಿಸೂಚನೆ 2003ರಲ್ಲಿ ಹೊರಟಿತು. ಅಕ್ಕಪಕ್ಕದ ಜಮೀನುಗಳಲ್ಲಿ ಒಂದನ್ನು ಕೈಬಿಟ್ಟು ಇನ್ನೊಂದನ್ನು ಉಳಿಸಿಕೊಂಡ ತಾರತಮ್ಯ ತೀವ್ರ ವಿವಾದಕ್ಕೆ ಗುರಿಯಾಯಿತು. ಬೊಂಡು ರಾಮಸ್ವಾಮಿ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ನಗರ ಯೋಜನೆಯನ್ನು ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ವಹಿಸಬೇಕೆನ್ನುವ ಸಂವಿಧಾನದ 74ನೇ ತಿದ್ದುಪಡಿಯ ನಂತರವೂ ಬಿಡಿಎ ಅಧಿನಿಯಮ ಊರ್ಜಿತವಾಗಿದೆ ಎಂದು ಹೇಳಿತು; ಜಮೀನು ಕಳೆದುಕೊಂಡವರಿಗೆ ಪರಿಹಾರದ ದಾರಿಗಳನ್ನೂ ತೋರಿಸಿತು.

ಹಣದ ಪರಿಹಾರ ಸಾಲದೆಂಬ ರೈತರ ಕೂಗಿಗೆ ಉತ್ತರವಾಗಿ 60:40 ಅನುಪಾತದ ಯೋಜನೆ ಬಂತು. 4,040 ಎಕರೆಯ ನಾಡಪ್ರಭು ಕೆಂಪೇಗೌಡ ಬಡಾವಣೆ ಇದಕ್ಕೆ ಉದಾಹರಣೆ. ಲೆಕ್ಕ ಹೀಗಿದೆ: ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ಸೌಲಭ್ಯಗಳಿಗೆ ಶೇ. 45 ಕಳೆದರೆ ನಿವೇಶನಕ್ಕೆ ಶೇ. 55 ಉಳಿಯುತ್ತದೆ. ಅದರಲ್ಲಿ ಶೇ. 40, ಅಂದರೆ 9,583 ಚದರ ಅಡಿ ಅಭಿವೃದ್ಧಿಪಡಿಸಿದ ಜಾಗ ರೈತನಿಗೆ. ಕರಾವಳಿಯ ಅಳತೆಯಲ್ಲಿ ಹೇಳುವುದಾದರೆ ನೂರು ಸೆಂಟ್ಸ್ ಕೊಟ್ಟವನಿಗೆ ಇಪ್ಪತ್ತೆರಡು ಸೆಂಟ್ಸ್. ಜಾಗದ ಬೆಲೆ ಏರಿದಾಗ ಅದರಲ್ಲಿ ರೈತನಿಗೂ ಪಾಲು ಸಿಗುತ್ತದೆ ಎಂಬುದು ಈ ಕ್ರಮದ ಹಿರಿಮೆ. ಆದರೆ ಬಡಾವಣೆ ಸಿದ್ಧವಾಗುವವರೆಗಿನ ವರ್ಷಗಳಲ್ಲಿ ಅವನಿಗೆ ಬೆಳೆಯೂ ಇಲ್ಲ, ನಿವೇಶನವೂ ಇಲ್ಲ.

ಕೋಟದಲ್ಲಿ ಹುಟ್ಟಿದ ಡಾ. ಕೆ. ಶಿವರಾಮ ಕಾರಂತರ ಹೆಸರಿನ ಬಡಾವಣೆಗೆ 2008ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ಅಧಿಸೂಚನೆಯಾಯಿತು. 17 ಗ್ರಾಮಗಳ 3,546 ಎಕರೆ ಅದರ ವ್ಯಾಪ್ತಿ. ನಡುವೆ ಜಮೀನು ಕೈಬಿಡುವ ಆದೇಶಗಳೂ ವ್ಯಾಜ್ಯಗಳೂ ನಡೆದು, ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನಿರ್ದೇಶಿಸಿದ ಮೇಲೆಯೇ ಅಂತಿಮ ಅಧಿಸೂಚನೆ ಹೊರಟಿತು. ಈ ಹತ್ತು ವರ್ಷಗಳಲ್ಲಿ ಅದೇ ಜಮೀನಿನಲ್ಲಿ ಸಾವಿರಾರು ಮನೆಗಳು ಎದ್ದಿದ್ದವು. ಅವುಗಳಲ್ಲಿ ಯಾವುದನ್ನು ಸಕ್ರಮಗೊಳಿಸಬಹುದೆಂದು ಪರಿಶೀಲಿಸಲು ನ್ಯಾಯಾಲಯವೇ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನು ನೇಮಿಸಬೇಕಾಯಿತು.

ಮಹಾಯೋಜನೆಗಳು

ಪ್ರಾಧಿಕಾರದ ಮೊದಲ ಸಮಗ್ರ ಅಭಿವೃದ್ಧಿ ಯೋಜನೆಗೆ 1984ರಲ್ಲಿ ಅನುಮೋದನೆ ಸಿಕ್ಕಿತು. ನಗರದ ಸುತ್ತ ಕೃಷಿಗೂ ತೋಟಗಳಿಗೂ ಮೀಸಲಾದ ಹಸಿರು ಪಟ್ಟಿ ಅದರ ಮುಖ್ಯ ಲಕ್ಷಣ. 1995ರ ಪರಿಷ್ಕರಣೆಯಲ್ಲಿ ನಗರೀಕರಣಕ್ಕೆ ತೆರೆದ ಪ್ರದೇಶ ಹಿಗ್ಗಿ ಆ ಪಟ್ಟಿ ಕುಗ್ಗಿತು. ಫ್ರಾನ್ಸಿನ ತಜ್ಞ ಸಂಸ್ಥೆಯೊಂದರ ನೆರವಿನಿಂದ ಸಿದ್ಧವಾಗಿ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015 ಸುಮಾರು 1,300 ಚದರ ಕಿ.ಮೀ. ಪ್ರದೇಶಕ್ಕೆ ಅನ್ವಯಿಸುತ್ತದೆ. ಕೆರೆಯ ಸುತ್ತ 30 ಮೀಟರ್, ಮಳೆನೀರು ಸಾಗಿಸುವ ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಮೀಸಲು ಪ್ರದೇಶವನ್ನು ಅದು ನಿಗದಿಪಡಿಸಿತು. ಅದೇ ಯೋಜನೆಯ ಮಿಶ್ರ ಬಳಕೆಯ ನಿಯಮಗಳಿಂದ ವಾಸದ ಬೀದಿಗಳಿಗೆ ಅಂಗಡಿ, ಕಚೇರಿ, ಹೋಟೆಲುಗಳು ನುಗ್ಗಿದವೆಂದು ನಿವಾಸಿಗಳ ಸಂಘಗಳು ಪ್ರತಿಭಟಿಸಿದವು.

ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕೆಂಬುದು 1961ರ ಅಧಿನಿಯಮದ ವಿಧಿ. 2031ರ ಕರಡನ್ನು 2017ರ ನವೆಂಬರ್‌ನಲ್ಲಿ ಪ್ರಕಟಿಸಿದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಸರ್ಕಾರ 2020ರಲ್ಲಿ ಆ ಕರಡನ್ನು ಹಿಂಪಡೆಯಿತು. ಹೀಗಾಗಿ ದೇಶದಲ್ಲಿಯೇ ಅತಿ ವೇಗವಾಗಿ ಬೆಳೆಯುವ ನಗರಗಳಲ್ಲಿ ಒಂದು, ಗುರಿವರ್ಷ ದಾಟಿದ ಯೋಜನೆಯನ್ನೇ ಆಧರಿಸಿ ಮುಂದುವರಿಯಬೇಕಾಯಿತು. ಇಷ್ಟು ವರ್ಷ ನಕ್ಷೆ ಹಳೆಯದಾಗಿಯೇ ಉಳಿದರೆ ಅದರ ಮೇಲೆ ಜನರಿಗಿರುವ ನಂಬಿಕೆಯೂ ಸವೆಯುತ್ತದೆ.

ಉದ್ಯಾನ ಮತ್ತು ಕೆರೆಗಳು

ಸದಾಶಿವನಗರದ ರಾಜಮಹಲ್ ವಿಲಾಸ್ ವಿಸ್ತರಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಸರ್ಕಾರದ ನಿರ್ದೇಶನದಂತೆ ಖಾಸಗಿ ಆಸ್ಪತ್ರೆಗಾಗಿ ಟ್ರಸ್ಟೊಂದಕ್ಕೆ ಹಂಚಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಹಂಚಿಕೆಯನ್ನು ರದ್ದುಗೊಳಿಸಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಉದ್ಯಾನಕ್ಕೆ ಮೀಸಲಾದ ಬಯಲು ಸಾರ್ವಜನಿಕರಿಗೆ ಸೇರಿದ್ದು, ಅದನ್ನು ಉಳಿಸಿಕೊಡಿ ಎಂದು ಕೇಳುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ಇದರಿಂದ ಸ್ಥಿರಪಟ್ಟಿತು. ಭಾರತದ ಪರಿಸರ ನ್ಯಾಯದ ಚರಿತ್ರೆಯಲ್ಲಿ ಈ ತೀರ್ಪಿಗೆ ಗೌರವದ ಸ್ಥಾನವಿದೆ.

ಕೆರೆಗಳ ವಿಷಯದಲ್ಲಿ ಫಲ ಅಷ್ಟು ಒಳ್ಳೆಯದಲ್ಲ. ದೊಮ್ಮಲೂರು, ಹೆಣ್ಣೂರು ಕೆರೆಗಳ ಅಂಗಳ ಬಡಾವಣೆಗಳಾದವು. ಕೋರಮಂಗಲದ ಕೆರೆಯೊಂದರ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಂಕೀರ್ಣ ಎದ್ದಿತು. ಕೆರೆಗಳ ಉಳಿವಿಗಾಗಿ ಸರ್ಕಾರ 1985ರಲ್ಲಿ ಎನ್. ಲಕ್ಷ್ಮಣ ರಾವ್ ಸಮಿತಿಯನ್ನು ನೇಮಿಸಿತ್ತು. ಉಳಿದ ಕೆರೆಗಳನ್ನು ಒಡೆಯಬಾರದೆಂದು ಸಮಿತಿ ಹೇಳಿದ ಮೇಲೂ ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುವ ಕಾಲುವೆಗಳ ಒತ್ತುವರಿ ನಿಲ್ಲಲಿಲ್ಲ. ಪ್ರಾಧಿಕಾರದ ಸುಪರ್ದಿಯಲ್ಲಿದ್ದ ಬೆಳ್ಳಂದೂರು ಕೆರೆ ಕೊಳಚೆ ತುಂಬಿ ನೊರೆಯುಕ್ಕಿಸಿತು; 2017ರಲ್ಲಿ ಮತ್ತು 2018ರಲ್ಲಿ ಅಲ್ಲಿ ಬೆಂಕಿಯೂ ಹೊತ್ತಿಕೊಂಡಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಅಕ್ಕಪಕ್ಕದ ಬಡಾವಣೆಗಳು ಮುಳುಗಿದವು. ನೀರಿನ ಹಾದಿಯನ್ನು ನಕ್ಷೆಯಲ್ಲಿ ಗುರುತಿಸಿದರಷ್ಟೇ ಸಾಲದು, ನೆಲದ ಮೇಲೆ ಕಾಯಬೇಕು ಎಂಬ ಪಾಠಕ್ಕೆ ನಗರ ದೊಡ್ಡ ಬೆಲೆ ತೆತ್ತಿದೆ.

ರಾಜ್ಯದ ಇತರ ಪ್ರಾಧಿಕಾರಗಳು ಮತ್ತು ಕರಾವಳಿ

ಬೆಂಗಳೂರಿನ ಹೊರತಾಗಿ ಉಳಿದ ನಗರಗಳಿಗಾಗಿ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ ಬಂತು. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ ಮೊದಲಾದ ಕಡೆ ಇದರಡಿ ಪ್ರಾಧಿಕಾರಗಳು ರಚನೆಯಾದವು. ಇವು ಮೊದಲಿನ ಬಿಡಿಎಯಂತೆಯೇ ಯೋಜನೆಯನ್ನೂ ಹಾಕುತ್ತವೆ, ಬಡಾವಣೆಯನ್ನೂ ನಿರ್ಮಿಸುತ್ತವೆ. ಸಣ್ಣ ಊರುಗಳಲ್ಲಿ 1961ರ ಅಧಿನಿಯಮದ ಯೋಜನಾ ಪ್ರಾಧಿಕಾರಗಳಿವೆ. ಮಹಾಯೋಜನೆ ಸಿದ್ಧಪಡಿಸುವುದು, ಭೂಬಳಕೆ ಬದಲಾವಣೆ ಮತ್ತು ಬಡಾವಣೆಯ ನಕ್ಷೆಗಳಿಗೆ ಅನುಮೋದನೆ ಕೊಡುವುದು ಅವುಗಳ ಕೆಲಸ. ಉಡುಪಿಯಲ್ಲಿರುವುದು ನಗರಾಭಿವೃದ್ಧಿ ಪ್ರಾಧಿಕಾರ. ಕುಂದಾಪುರದಲ್ಲಿರುವುದು ಯೋಜನಾ ಪ್ರಾಧಿಕಾರ.

1997ರಲ್ಲಿ ಉಡುಪಿ ಜಿಲ್ಲೆಯೂ 2018ರಲ್ಲಿ ಬ್ರಹ್ಮಾವರ, ಬೈಂದೂರು ತಾಲ್ಲೂಕುಗಳೂ ರೂಪುಗೊಂಡ ಮೇಲೆ ಇಲ್ಲಿ ನಗರೀಕರಣ ಚುರುಕಾಗಿದೆ. ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟಗಳಲ್ಲಿ ಊರಿಗೂ ಊರಿಗೂ ನಡುವಿನ ಗದ್ದೆ ಬಯಲು ತುಂಬುತ್ತಿದೆ. ಕರಾವಳಿಯ ಜನವಸತಿ ಮೊದಲಿನಿಂದಲೂ ಚದುರಿದ್ದು: ಗದ್ದೆಯ ಅಂಚಿಗೆ ಒಂದು ಮನೆ, ತೋಟದೊಳಗೆ ಇನ್ನೊಂದು, ನದಿಯ ನಡುಗಡ್ಡೆಯಾದ ಕುದ್ರುವಿನ ಮೇಲೆ ಮತ್ತೊಂದು. ಹೆಚ್ಚಿನವರು ಎದುರಿಸುವ ಪ್ರಶ್ನೆ ಐದು ಹತ್ತು ಸೆಂಟ್ಸ್ ಜಾಗಕ್ಕೆ ಏಕನಿವೇಶನ ನಕ್ಷೆಯ ಅನುಮೋದನೆ ಪಡೆದು, ಪಂಚಾಯತಿಯಿಂದ ಆಸ್ತಿ ದಾಖಲೆಯಾದ 9/11 ನಮೂನೆ ಮಾಡಿಸಿಕೊಳ್ಳುವುದು. ಬಯಲುಸೀಮೆಯ ದೊಡ್ಡ ಬಡಾವಣೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮಗಳು ಈ ಚದುರಿದ ಊರುಗಳಿಗೆ ಸರಿಯಾಗಿ ಹೊಂದುವುದಿಲ್ಲ.

ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ದಡದ ಹಂಗಾರಕಟ್ಟೆ ಇಂಥ ಊರುಗಳಿಗೆ ಒಳ್ಳೆಯ ನಿದರ್ಶನ. ಕಿರುಬಂದರು, ದೋಣಿ ನಿರ್ಮಾಣ, ಮೀನುಗಾರಿಕೆ, ಗದ್ದೆ, ತೆಂಗಿನ ತೋಟ, ಮನೆ ಎಲ್ಲವೂ ಇಲ್ಲಿ ಒತ್ತೊತ್ತಾಗಿವೆ. ಬೇರೆ ಬೇರೆ ಬಣ್ಣದ ವಲಯಗಳಾಗಿ ಇವನ್ನು ನಕ್ಷೆಯಲ್ಲಿ ಬಿಡಿಸುವುದು ಕಷ್ಟ. ಅದರ ಜೊತೆಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಜನರು ಸಿಆರ್‌ಜೆಡ್ ಎನ್ನುವ ನಿಯಮ, ಸಮುದ್ರದ ಉಬ್ಬರರೇಖೆಯಿಂದ 500 ಮೀಟರ್ ವರೆಗೂ, ಉಬ್ಬರವಿಳಿತ ತಲುಪುವ ಹೊಳೆಗಳ ದಂಡೆಗಳಿಗೂ ಅನ್ವಯಿಸುತ್ತದೆ. 1991ರಲ್ಲಿ ಮೊದಲು ಬಂದ ಈ ನಿಯಮ 2011ರಲ್ಲಿ ಮತ್ತು 2019ರಲ್ಲಿ ಬದಲಾಯಿತು. ಇಲ್ಲಿ ನೀರು ಹರಿಯುವ ತೋಡು ಮುಚ್ಚಿದರೆ ಗದ್ದೆಯಲ್ಲಿ ನೆರೆ ನಿಲ್ಲುತ್ತದೆ. ಕೆರೆಯಂಥ ಮದಗವನ್ನು ಮಣ್ಣು ತುಂಬಿಸಿ ಮುಚ್ಚಿದರೆ ಬೇಸಗೆಯಲ್ಲಿ ಬಾವಿ ಬತ್ತುತ್ತದೆ. ಹೊಳೆಯ ಬದಿಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ. ಬೆಂಗಳೂರಿನ ರಾಜಕಾಲುವೆಗೆ ಆದ ಗತಿ ಇಲ್ಲಿನ ತೋಡುಗಳಿಗೆ ಆಗದಂತೆ ತಡೆಯಲು ಇನ್ನೂ ಕಾಲ ಮಿಂಚಿಲ್ಲ.

2024ರ ಶಾಸನದ ನಂತರ

ನಗರ ಯೋಜನೆ ಚುನಾಯಿತ ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಗಬೇಕೆಂಬುದು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಆಶಯ. ಬೆಂಗಳೂರು ಮಹಾನಗರ ಯೋಜನಾ ಸಮಿತಿ ರಚನೆಯಾದದ್ದು 2014ರಲ್ಲಿ. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2025ರ ಮೇ 15ರಂದು ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಯೋಜನಾಧಿಕಾರ ಸೇರಿತು. ಬಡಾವಣೆ, ವಸತಿ, ರಸ್ತೆ ನಿರ್ಮಾಣದ ಹೊಣೆ ಬಿಡಿಎಗೆ ಉಳಿಯಿತು. ಸುಮಾರು 73 ಕಿ.ಮೀ. ಉದ್ದದ ಪೆರಿಫೆರಲ್ ವರ್ತುಲ ರಸ್ತೆ ಅದರ ಮುಂದಿರುವ ದೊಡ್ಡ ಕೆಲಸ. 1976ರಲ್ಲಿ ಕೂಡಿಸಿದ ಎರಡು ಕಾರ್ಯಗಳು ಹೀಗೆ ಮತ್ತೆ ಬೇರೆಯಾದವು.

ಮೌಲ್ಯಮಾಪನ

ಬಿಡಿಎ ಲಕ್ಷಾಂತರ ಜನರಿಗೆ ಸ್ಪಷ್ಟ ದಾಖಲೆಯುಳ್ಳ, ರಸ್ತೆ ನೀರು ಉದ್ಯಾನವಿರುವ ನೆಲೆ ಕೊಟ್ಟಿದೆ. ಅದರ ಬಡಾವಣೆಗಳು ಇಂದಿಗೂ ವಾಸಯೋಗ್ಯವಾಗಿರಲು ಮಾರದೆ ಬಿಟ್ಟ ಕಾಲು ಭಾಗ ನೆಲವೇ ಕಾರಣ. ಬಡಾವಣೆಯ ಗಡಿಯಾಚೆ, ಇಡೀ ನಗರದ ನೀರು, ಹಸಿರು ಮತ್ತು ಸಂಚಾರವನ್ನು ಅದೇ ಎಚ್ಚರದಿಂದ ಕಾಯುವುದರಲ್ಲಿ ಅದು ಸೋತಿತು. ಹೊಸ ವ್ಯವಸ್ಥೆಯಲ್ಲೂ ಮುಖ್ಯವಾದದ್ದು ಯೋಜನೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು, ಒಮ್ಮೆ ಮೀಸಲಿಟ್ಟ ಜಾಗವನ್ನು ಮುಟ್ಟದಿರುವುದು ಮತ್ತು ಜನರ ಮಾತಿಗೆ ಕಿವಿಗೊಡುವುದು.

ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು 1961ರ ಅಧಿನಿಯಮ ಅರವತ್ತು ದಿನಗಳ ಅವಕಾಶ ಕೊಡುತ್ತದೆ. ಕುಂದಾಪುರವಾಗಲಿ ಉಡುಪಿಯಾಗಲಿ, ಕರಡು ಬಂದಾಗ ತಮ್ಮ ಊರಿನ ತೋಡು, ಮದಗ, ಬಯಲು, ಬಂದರಿನ ದಾರಿ ನಕ್ಷೆಯಲ್ಲಿ ಸರಿಯಾಗಿ ನಮೂದಾಗಿವೆಯೇ ಎಂದು ಗ್ರಾಮಸಭೆಗಳೂ ಮೀನುಗಾರರೂ ರೈತರೂ ನೋಡಿ ಬರೆದುಕೊಡಬೇಕು. ಸದಾಶಿವನಗರದ ನಿವಾಸಿಗಳು ತಮ್ಮ ಉದ್ಯಾನವನ್ನು ಉಳಿಸಿಕೊಳ್ಳಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಬೇಕಾಯಿತು. ಈ ಅರವತ್ತು ದಿನಗಳನ್ನು ಸರಿಯಾಗಿ ಬಳಸಿಕೊಂಡರೆ ಅಂಥ ಹೋರಾಟಗಳು ಎಷ್ಟೋ ಕಡಿಮೆಯಾಗುತ್ತವೆ.